ಕರಡಿಯ ನಾಲಿಗೆ ನುಣ್ಣಗಾದದ್ದು

ಹೇಳು ನೋಡೋಣ ಶರ್ವಾಣಿ, ಬೆಕ್ಕು ಕೈ ನೆಕ್ಕಿದರೆ ಗರಗಸ ಎಳೆದ ಹಾಗಿರುತ್ತದೆ, ಕರಡಿಯ ನಾಲಿಗೆ ಮಾತ್ರ ಯಾಕೆ ಅಷ್ಟು ಮೆತ್ತಗೆ, ಅಷ್ಟು ಉದ್ದ? ಏನಾಗಿರಬಹುದು? ಜೇನು ತಿಂದೂ ತಿಂದೂ ಹಾಗಾಯಿತು ಅಂತೀಯಾ? ಅಲ್ಲ. ಸಿಟ್ಟು ಬಂದು ಹಾಗಾಯಿತು. ಕೇಳು.

ಲೋಕ ಆಗ ತಾನೇ ಹುಟ್ಟಿತ್ತು. ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ. ಪ್ರಾಣಿಗಳಿಗೆಲ್ಲ ನಾಲಿಗೆ ಹಂಚುವ ಕೆಲಸ ಬೆಟ್ಟದ್ದು. ಬೆಟ್ಟ ಎದ್ದು ಓಡಾಡುವಂಥದ್ದಲ್ಲ, ನೋಡು; ಮೊದಲು ಬಂದ ಹುಲಿಯ ಬಾಯಿ ನೋಡಿ, ಅದೇ ಅಳತೆಯಲ್ಲಿ ಎಲ್ಲರಿಗೂ ಮಾಡಿಟ್ಟಿತು. ಒಬ್ಬ ಹುಡುಗನ ಅಳತೆ ತೆಗೆದು ಇಡೀ ಶಾಲೆಗೆ ಚಡ್ಡಿ ಹೊಲಿದ ಹಾಗೆ. ಹುಲಿಗೆ ಎಲುಬಿಗಂಟಿದ ಮಾಂಸ ಕೆರೆಯಬೇಕು. ಅದಕ್ಕೆ ನಾಲಿಗೆ ತುಂಬ ಗಂಟಲ ಕಡೆ ಬಾಗಿದ ಮುಳ್ಳು. ಕರಡಿಗೂ ಅದೇ ಮುಳ್ಳು.

ಕರಡಿಯ ಊಟವೋ, ಗೆದ್ದಲು. ಹುತ್ತಕ್ಕೆ ನಾಲಿಗೆ ಹಾಕಿದರೆ ಗೆದ್ದಲು ಮುಳ್ಳಿನ ಸಂದಿಗೆ ಸಿಕ್ಕಿಕೊಂಡು ಅಲ್ಲೇ ಕಚ್ಚುತ್ತಿದ್ದವು. ಮರಿ ಹಾಕಿದ್ದ ಆ ತಾಯಿ ಕರಡಿಗೆ ಊಟವಿಲ್ಲ, ಹಾಗಾಗಿ ಹಾಲಿಲ್ಲ. ಬೆನ್ನ ಮೇಲಿನ ಮರಿ ದಿನದಿನಕ್ಕೆ ಹಗುರಾಗುತ್ತಿತ್ತು. ಮೈ ನೆಕ್ಕಿ ಸಮಾಧಾನ ಮಾಡೋಣವೆಂದರೆ, "ಬೇಡವ್ವ, ಉರಿಯುತ್ತೆ" ಅಂತ ಅದು ದೂರ ಸರಿಯಿತು.

ಆಗ ಕರಡಿಗೆ ಸಿಟ್ಟು ನೆತ್ತಿಗೇರಿತು. ಮರಿಯನ್ನು ಹೊತ್ತು ಬೆಟ್ಟದ ಎದುರು ನಿಂತಿತು.

"ಹುಲಿ ಬಾಯಿ ನೋಡಿ ನನಗೆ ನಾಲಿಗೆ ಮಾಡಿದ್ದೀಯಲ್ಲ, ನನ್ನನ್ನ ಒಂದು ಮಾತು ಕೇಳಿದೆಯಾ?"

"ಎಲ್ಲರಿಗೂ ಒಂದೇ. ಅದೇ ನ್ಯಾಯ," ಎಂದಿತು ಬೆಟ್ಟ.

ನೆರಳಲ್ಲಿ ಮಲಗಿದ್ದ ಹುಲಿ ಆಕಳಿಸಿತು. "ನಾಲಿಗೆ ಚೆನ್ನಾಗೇ ಇದೆಯಮ್ಮ. ನಿನ್ನ ಊಟ ಸರಿಯಿಲ್ಲ. ಹುಳ ಬಿಟ್ಟು ಮಾಂಸ ತಿನ್ನೋದು ಕಲಿ."

"ನಾಳೆ ಈ ಬೆಟ್ಟ ನನ್ನ ಕರಿ ಕೂದಲಿನ ಕಂಬಳಿ ನಿನಗೆ ಹೊದಿಸಿ, ಕಂಬಳಿ ಚೆನ್ನಾಗಿದೆ, ಬಿಸಿಲೇ ಸರಿಯಿಲ್ಲ ಅಂದರೆ ಸುಮ್ಮನಿರ್ತೀಯೇನಪ್ಪಾ?"

ಹುಲಿ ಮಗ್ಗುಲು ಬದಲಿಸಿ ಮಲಗಿತು. ಕರಡಿ ಸಿಟ್ಟಿನಲ್ಲಿ ಬಂಡೆಗೆ ಮುಖ ಗುದ್ದಿತು. ಮೇಲಿನ ಸಾಲಿನ ನಡುವಿನ ಹಲ್ಲು ಎರಡೂ ಹೋದವು. ಅದಕ್ಕೂ ಬೈಯುತ್ತಾ ಹೊಳೆಗಿಳಿಯಿತು.

"ಹೊಳೆಯಕ್ಕಾ, ಕಲ್ಲನ್ನೇ ಸವೆಸ್ತೀಯಂತಲ್ಲ. ಈ ಮುಳ್ಳು ಸವೆಸು."

"ನೋಯುತ್ತೆ. ತಾಳ್ತೀಯಾ?"

"ಮರಿ ಹಸಿದು ಅಳೋದನ್ನೇ ತಾಳಿದ್ದೀನಿ. ಉಜ್ಜು."

ಹೊಳೆ ಮರಳು ತಂದು ಉಜ್ಜಿತು, ಉಜ್ಜಿತು, ಉಜ್ಜುತ್ತಲೇ ಇತ್ತು. ನೀರಿನ ಸೆಳೆತಕ್ಕೆ ನಾಲಿಗೆ ಉದ್ದವಾಯಿತು. ಮುಳ್ಳೆಲ್ಲ ಸವೆದು, ರುಚಿ ತಿಳಿಯಲು ಬೇಕಾದ ಮೆತ್ತನೆಯ ಸಣ್ಣ ಗುಳ್ಳೆಗಳಷ್ಟೇ ಉಳಿದವು. ಅಷ್ಟು ಹೊತ್ತೂ ಕರಡಿ ಮೂಗಿನಲ್ಲೇ ಬೆಟ್ಟವನ್ನು ಬೈಯುತ್ತಿತ್ತು.

ಆಮೇಲೆ ಹುತ್ತಕ್ಕೆ ಬಾಯಿ ಹಚ್ಚಿ ಎಳೆದರೆ, ಹಲ್ಲಿಲ್ಲದ ಸಂದಿಯಿಂದ ಗೆದ್ದಲು ಸೀದಾ ಗಂಟಲಿಗೆ. ತಾಯಿಯ ಹೊಟ್ಟೆ ತುಂಬಿತು, ಹಾಲು ಬಂತು. ಹಾಲು ಕುಡಿದ ಮರಿಯ ಹಣೆಯನ್ನು ಕರಡಿ ಅಂಜುತ್ತಾ ಒಮ್ಮೆ ನೆಕ್ಕಿತು.

"ಇನ್ನೊಂದು ಸಲ," ಅಂದಿತು ಮರಿ.

"ನೋಡು, ಎಲ್ಲ ಸರಿಹೋಯಿತಲ್ಲ," ಎಂದಿತು ಬೆಟ್ಟ.

"ಸರಿ ಮಾಡಿದ್ದು ಹೊಳೆ. ನೀನು ಕೇಳಲೇ ಇಲ್ಲ."

ಅದಕ್ಕೇ ಇವತ್ತಿಗೂ ಕರಡಿ ಗೆದ್ದಲು ತಿನ್ನುವಾಗ ಅರ್ಧ ಕಾಡಿಗೆ ಕೇಳುವ ಹಾಗೆ ಭುಸ್ಸೆಂದು ಊದಿ ಸೊರ್ರೆಂದು ಹೀರುವುದು. ಬೆಟ್ಟದ ಕಿವಿಗೆ ಬೀಳಲಿ ಅಂತ. ಇದೆಲ್ಲ ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ.