ಹಿತ್ತಲ ಬಾವಿಯ ಬೆಲೆ

ಗದಗಿನಲ್ಲಿ ರೊಟ್ಟಿ ಮಾರುವ ಬಸಲಿಂಗವ್ವನ ಹಿತ್ತಲಲ್ಲಿ ಒಂದು ಬಾವಿ. ಅದರ ನೀರು ಕುಡಿದರೆ ಕುರುಡು ಕತ್ತೆಯೂ ಪೇಪರ್ ಓದೀತು! ಆಕೆ ಮನೆಸಾಲವನ್ನು ಬಡ್ಡಿ ಕಡಿಮೆಯಿರುವ ಬ್ಯಾಂಕಿಗೆ ಬದಲಿಸಬೇಕಿತ್ತು. ಮನೆ ಇಪ್ಪತ್ತು ಲಕ್ಷ ಬಾಳುತ್ತದೆಂದು ಬ್ಯಾಂಕಿನ ವ್ಯಾಲ್ಯೂಯರ್ ಬರೆದರೆ ಮಾತ್ರ ಕಂತು ಇಳಿಯುತ್ತಿತ್ತು.

ವ್ಯಾಲ್ಯೂಯರ್ ಕೌಜಲಗಿ ಸಾಹೇಬರು ಟೇಪು ಹಿಡಿದು ಬಂದರು. ಗೋಡೆ ಕುಟ್ಟಿದರು, ಹಿತ್ತಲಲ್ಲಿ ಮೂಗು ಮುರಿದರು.

"ಈ ಹಾಳು ಗುಂಡಿಯಿಂದ ಜಾಗ ದಂಡ. ಎರಡು ಲಕ್ಷ ಕಡಿತ. ಹದಿನೆಂಟೇ ಬರೀತೀನಿ."

ಬಸಲಿಂಗವ್ವ ವಾದಕ್ಕಿಳಿಯಲಿಲ್ಲ. "ಖರೇರಿ ಸಾಹೇಬ್ರ, ಇವತ್ತ ಮುಚ್ಚಸ್ತೀನಿ" ಎಂದಳು. ಹಿತ್ತಲ ಬಾಗಿಲು ತೆರೆದಳು. ನಲ್ಲಿ ನೀರು ಬಂದು ಎಂಟು ದಿನವಾಗಿತ್ತು. ಹೊರಗೆ ಕೊಡ ಹಿಡಿದ ಹೆಂಗಸರ ಸಾಲು.

"ನಾಳಿಂದ ಬಾವಿ ಇಲ್ರವಾ! ಸಾಹೇಬ್ರು ಬ್ಯಾಡ ಅಂದಾರ!"

"ಯಾವ ಸಾಹೇಬ?" ಎನ್ನುತ್ತ ಮೊದಲ ಕೊಡದಾಕೆ ಒಳನುಗ್ಗಿದಳು. ನೋಡಿದರೆ ಸಾಹೇಬರ ಹೆಂಡತಿ! "ಬೆಳಿಗ್ಗೆ ತಲೀಮ್ಯಾಲೆ ಸುರಕೊಂಡ ನೀರು ಎಲ್ಲೀದು ಅಂತ ತಿಳದೀರಿ?"

ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು. ಸಾಹೇಬರೂ ಸೇರಿಕೊಳ್ಳಲು ನೋಡಿದರು, ಜಾಗ ಸಾಲಲಿಲ್ಲ. ಪೆನ್ನು ತೆಗೆದು ಬರೆದರು: ಸಿಹಿನೀರ ಬಾವಿ ಸೇರಿ ಇಪ್ಪತ್ತೆರಡು ಲಕ್ಷ.

"ನಿನ್ನ ಉಪಕಾರ ಮರಿಯಂಗಿಲ್ಲವಾ" ಎಂದು ಬಸಲಿಂಗವ್ವ ಸಾಹೇಬರ ಹೆಂಡತಿಯ ಕೈ ಹಿಡಿದಳು.

"ನನ್ನ ಉಪಕಾರ ಏನೈತಿ? ಈ ಬ್ಯಾಸಗಿ ನಾವು ಕಳದದ್ದ ನಿನ್ನಿಂದ."

ಕಂತು ಇಳಿದ ದಿನ ಬಸಲಿಂಗವ್ವ ಸಾಲಿನ ಕೊಡಕ್ಕೊಂದರಂತೆ ಬಿಸಿರೊಟ್ಟಿ ಕೊಟ್ಟು ಕಳಿಸಿದಳು. ಸಾಹೇಬರಿಗೂ ಒಂದು ಹೋಯಿತು. ಅದನ್ನವರು ಅಳೆಯದೆ ತಿಂದರು.