ನವಿಲಿನ ಹೆಸರು ಕೇಳಿದವರು

ಕಾಡಿನಲ್ಲಿ ನಾಲ್ಕು ದಾರಿ ಕೂಡುವ ಕಡೆ ಒಂದು ಗಿಳಿ ಕೂತು, ಏನನ್ನೋ ಹುಡುಕಿಕೊಂಡು ಬಂದವರಿಗೆಲ್ಲ ದಾರಿ ಹೇಳುತ್ತಿತ್ತು. ತಮ್ಮ ಅಂಗಡಿಯ ಹೆಸರು ಹೇಳಿಸಲು ವ್ಯಾಪಾರಿಗಳು ಕಾಳು ಕೊಡಬೇಕಿತ್ತು. ಧರ್ಮಕಾರ್ಯ ಮಾಡುವವರಿಗೆ ಮಾತ್ರ ಪುಕ್ಕಟೆ. ಗಾಯಗೊಂಡ ಹಕ್ಕಿಗಳಿಗೆಂದು ಆಶ್ರಮ ತೆರೆದಿದ್ದ ನವಿಲಿಗೆ ಇದು ತಿಳಿದದ್ದೇ ತಡ, ಬೀಗುತ್ತ ಬಂದಿತು.

“ಯಾರು ಏನು ಕೇಳಿದರೆ ತಮ್ಮ ಆಶ್ರಮದ ದಾರಿ ಹೇಳಲಿ?” ಎಂದಿತು ಗಿಳಿ. “ರೆಕ್ಕೆ ಮುರಿದಿದೆ, ಯಾರು ಕಟ್ಟುತ್ತಾರೆ ಎಂದು ಕೇಳುವವರೇ ಇಲ್ಲಿ ಹೆಚ್ಚು.”

“ಅಂಥ ಗೋಳಿನ ಮಾತು ನಮ್ಮ ಘನತೆಗೆ ತಕ್ಕದ್ದಲ್ಲ. ‘ಸೇವಾಧುರೀಣ ಮಯೂರರಾಯರು ಎಲ್ಲಿದ್ದಾರೆ’ ಎಂದು ಕೇಳಿದವರಿಗೆ ಮಾತ್ರ ಹೇಳು.”

ಗಿಳಿ ಸರಿಯಾಗಿ ಹೇಳುತ್ತದೆಯೋ ಇಲ್ಲವೋ ಎಂದು ನವಿಲು ದಿನಾ ಬೆಳಿಗ್ಗೆ ಬಂದು ತಾನೇ ಕೇಳಿ ನೋಡುತ್ತಿತ್ತು. ತಿಂಗಳು ಕಳೆದ ಮೇಲೆ ರೇಗಿತು.

“ಆಶ್ರಮಕ್ಕೆ ಒಂದು ಹಕ್ಕಿಯೂ ಬಂದಿಲ್ಲ. ಪುಕ್ಕಟೆ ಸಿಕ್ಕಿದ್ದರ ಹಣೆಬರಹವೇ ಇಷ್ಟು.”

“ರೆಕ್ಕೆ ಮುರಿದವರು ನಲವತ್ತು ಮಂದಿ ಬಂದಿದ್ದರು,” ಎಂದಿತು ಗಿಳಿ. “ತಾವು ಹೇಳಬೇಡ ಎಂದಿದ್ದಿರಿ, ರೆಕ್ಕೆ ಎಳೆದುಕೊಂಡು ಹೊರಟುಹೋದರು. ತಮ್ಮ ಹೆಸರು ಕೇಳಿಕೊಂಡು ಬಂದವರು ಇಡೀ ತಿಂಗಳಲ್ಲಿ ಒಬ್ಬರೇ, ರಾಯರೇ. ಅದು ತಾವು.”