ನಡುಹೊಳೆಯ ಅಂಬಿಗ

"ಗುರುಗಳೇ, ನಾಡಿನಲ್ಲಿ ಜನ ಆರಿಸಿದ ಅಧಿಕಾರಿಗಳ ಪಟ್ಟಿ ಮಾಡುತ್ತಿದ್ದೇನೆ. ಊರು, ಸೀಮೆ, ರಾಜ್ಯ ಎಂದು ಮೂರು ಮಟ್ಟ. ಆದರೆ ಯಜಮಾನ ಎಂಬುವನು ಒಂದು ಕಡೆ ಒಂದೇ ಊರಿಗೆ, ಇನ್ನೊಂದು ಕಡೆ ಹನ್ನೆರಡು ಊರಿಗೆ. ಹೆಸರು ನೋಡಿ ಎಲ್ಲರನ್ನೂ ಊರಿನ ಮಟ್ಟಕ್ಕೇ ಸೇರಿಸಿಬಿಡಲೇ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ನಕ್ಕರು. "ಬೇಗ ಮುಗಿಸಿ ಊಟಕ್ಕೆ ಏಳುವ ಆತುರ ನಿನಗೆ. ಕೇಳು."

ಎರಡು ಊರುಗಳ ನಡುವೆ ಹರಿಯುವ ಒಂದು ಹೊಳೆಗೆ ಒಬ್ಬ ಅಂಬಿಗನಿದ್ದ. ವರ್ಷಕ್ಕೊಮ್ಮೆ ಎರಡು ದಂಡೆಯವರೂ ಒಂದೇ ಮಡಕೆಗೆ ಹುಣಸೆಬೀಜ ಹಾಕಿ ಅವನನ್ನು ಆರಿಸುತ್ತಿದ್ದರು. ಆ ಮಡಕೆಯನ್ನು ನಡುಹೊಳೆಗೆ ಒಯ್ದು, ಅಲ್ಲೇ ಬೀಜ ಎಣಿಸುವುದು ಪದ್ಧತಿ. ಯಾವ ದಂಡೆಯೂ ಅವನು ನಮ್ಮವನೆನ್ನಬಾರದು, ಅಷ್ಟೇ.

ಮಂಜು ಮುಸುಕಿದ ಒಂದು ಬೆಳಗ್ಗೆ ಅರಸನ ಕರಣಿಕ ಅಧಿಕಾರಿಗಳ ಪಟ್ಟಿ ಬರೆಯಲು ಪುಸ್ತಕ ಹಿಡಿದು ಬಂದ. ಆಚೆ ದಂಡೆ ಕಾಣುತ್ತಿರಲಿಲ್ಲ. ಈಚೆ ದಂಡೆಯಲ್ಲಿ ಅಂಬಿಗನ ಗುಡಿಸಲಿತ್ತು. ಅದನ್ನು ನೋಡಿ 'ಅಂಬಿಗ, ಈಚೆ ದಂಡೆ, ಊರಿನ ಮಟ್ಟ' ಎಂದು ಬರೆದುಕೊಂಡು ಹೋದ, ಪುಣ್ಯಾತ್ಮ.

ಆ ಪುಸ್ತಕ ನೋಡಿ ಅರಸ ಕಟ್ಟಳೆ ಮಾಡಿದ. ಊರಿನ ಮಟ್ಟದವನ ಅಧಿಕಾರ ಊರಿನ ಗಡಿಗೇ ಮುಗಿಯಬೇಕು. ಗಡಿ ಎಂದರೆ ನಡುಹೊಳೆ. ದಾಟಿದರೆ ಆಚೆಯ ಕಾವಲಿನವರು ದೋಣಿ ಕಿತ್ತುಕೊಳ್ಳುತ್ತಿದ್ದರು. ಅಂದಿನಿಂದ ದೋಣಿ ನಡುಹೊಳೆಯವರೆಗೆ ಹೋಗುವುದು, ಸುಮ್ಮನೆ ನಿಲ್ಲುವುದು, ತಿರುಗಿ ಬರುವುದು. ಎರಡು ದಂಡೆಯ ನೆಂಟರು ಮಂಜಿನಲ್ಲೇ ಒಬ್ಬರನ್ನೊಬ್ಬರು ಕೂಗಿ ಕರೆದು ಮನೆಗೆ ಹೋಗುತ್ತಿದ್ದರು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮತ್ತೆ ಮಂಜು ಕವಿದಿದ್ದ ಒಂದು ದಿನ ಅದೇ ಕರಣಿಕ ಸೂಲಗಿತ್ತಿಯನ್ನು ಕರೆದುಕೊಂಡು ಓಡಿ ಬಂದ. ಆಚೆ ದಂಡೆಯಲ್ಲಿ ಅವನ ಮಗಳಿಗೆ ಹೆರಿಗೆ ನೋವು. ದೋಣಿ ಹೊರಟಿತು. ನಡುಹೊಳೆಯಲ್ಲಿ ನಿಂತಿತು.

"ಯಾಕೋ ನಿಲ್ಲಿಸಿದೆ?"

"ನನ್ನ ಮಟ್ಟ ಇಲ್ಲಿಗೇ ಮುಗೀತು ಸ್ವಾಮಿ. ಪುಸ್ತಕದಲ್ಲಿ ಹಾಗೇ ಬರೆದೈತಂತೆ."

ಪುಸ್ತಕ ಕರಣಿಕನ ಚೀಲದಲ್ಲೇ ಇತ್ತು. ತೆರೆದ. ಅಕ್ಷರ ತನ್ನದೇ.

"ನಿನ್ನನ್ನು ಆರಿಸಿದವರು ಯಾರಪ್ಪಾ?"

"ಎರಡು ದಂಡೆಯೋರೂ. ಅವತ್ತೇ ಹೇಳ್ತಿದ್ದೆ. ನೀವು ಗುಡಿಸಲು ನೋಡಿದ್ರಿ, ನನ್ನ ಕೇಳಲಿಲ್ಲ."

ಆಚೆಯ ಮಂಜಿನೊಳಗಿಂದ ಒಂದು ಹೆಣ್ಣಿನ ಕೂಗು ಕೇಳಿಸಿತು. ಕರಣಿಕ ಲೇಖನಿ ತೆಗೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ತಡೆಯಲಾರದೆ ಕೇಳಿದ. "ಆಮೇಲೆ? ದೋಣಿ ದಡ ಮುಟ್ಟಿತೇ?"

"ಲೇಖನಿ ಈಗ ನಿನ್ನ ಕೈಯಲ್ಲಿದೆಯಲ್ಲ, ನೀನೇ ಹೇಳು" ಎಂದರು ಗುರುಗಳು.